ರಾಜನ ಕುಲ್ಲಾಯಿ, ಕೂಸಿನ ಕುಲಾವಿ

ಮಕ್ಕಳೇ, ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ’ ಎಂಬ ಗಾದೆಯನ್ನು ನಿಮ್ಮ ಮನೆಯ ಅಜ್ಜಿಯೋ ತಾತನೋ ಹೇಳುವುದನ್ನು ನೀವು ಕೇಳಿರುತ್ತೀರಿ. ಇನ್ನೂ ಆಗದ ಕೆಲಸಕ್ಕೆ ಮೊದಲೇ ಸಡಗರ ಪಡುವವರನ್ನು ಕಂಡರೆ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಪರೀಕ್ಷೆ ಬರೆಯುವ ಮೊದಲೇ ಬಹುಮಾನದ ಸೈಕಲ್ಲಿಗೆ ಬಣ್ಣ ಆರಿಸುವವರಿಗಂತೂ ಹೇಳಿ ಮಾಡಿಸಿದ ಗಾದೆ. ಕುಲಾವಿ ಎಂದರೆ ಎಳೆಗೂಸಿನ ತಲೆಗೆ ಹಾಕಿ, ಗಲ್ಲದ ಕೆಳಗೆ ಲಾಡಿ ಕಟ್ಟುವ ಮೆತ್ತನೆಯ ಟೋಪಿ. ಅಂಗೈಯಲ್ಲಿ ಮುದುಡಿ ಹಿಡಿಯುವಷ್ಟು ಚಿಕ್ಕದು. ಒಂದು ಕಾಲದಲ್ಲಿ ಇದೇ ಹೆಸರಿನ ಟೋಪಿ ವಿಜಯನಗರದ ಅರಸನ ತಲೆಯ ಮೇಲಿತ್ತು ಎಂದರೆ ನಂಬುತ್ತೀರಾ? ಈ ವಾರ ಆ ಟೋಪಿಯ ಕಥೆ.

ಹಳೆಯ ಕಾಲದ ಟೋಪಿ, ಮುಂಡಾಸು, ಪೇಟಗಳ ಬಗ್ಗೆ ಹುಡುಕಿ, ಅಳತೆ ಮಾಡಿ, ಕೈಯಲ್ಲೇ ಹೊಲಿದು ನೋಡುವುದು ನನ್ನ ಹವ್ಯಾಸ ಎಂದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಇತಿಹಾಸದ ಮೇಷ್ಟ್ರಾಗಿ ಸೀಮೆಸುಣ್ಣ ಹಿಡಿದಿದ್ದ ಕೈ ನಿವೃತ್ತಿಯಾದ ಮೇಲೆ ಸೂಜಿ ಹಿಡಿದಿದೆ. ಅದಕ್ಕೇ ಇರಬೇಕು, ಶಿವಮೊಗ್ಗದ ಅಜ್ಜಿಯೊಬ್ಬರು ನನಗೊಂದು ಪತ್ರ ಬರೆದಿದ್ದಾರೆ. ಅವರ ಮೊಮ್ಮಗ ಐದನೇ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆಯ ಛದ್ಮವೇಷದಲ್ಲಿ ಕೃಷ್ಣದೇವರಾಯ ಆಗಬೇಕಂತೆ. ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯವರು ಬಂಗಾರದ ಕಾಗದ ಅಂಟಿಸಿದ ರಟ್ಟಿನ ಕಿರೀಟ ಕೊಟ್ಟರಂತೆ. ‘ಇದನ್ನೇ ರಾಮನಿಗೂ ಕೊಡುತ್ತಾರೆ, ಅಶೋಕನಿಗೂ ಕೊಡುತ್ತಾರೆ. ಆದರೆ ನನ್ನ ಪುಸ್ತಕದ ಚಿತ್ರದಲ್ಲಿ ರಾಯನಿಗೆ ಉದ್ದನೆಯ ಟೋಪಿ ಇದೆ. ಯಾವುದು ನಿಜ ಅಜ್ಜಿ?’ ಎಂದು ಹುಡುಗ ಪಟ್ಟು ಹಿಡಿದಿದ್ದಾನಂತೆ.

ಮೊದಲು ಚಿಕ್ಕ ಉತ್ತರ ಕೊಡುತ್ತೇನೆ. ಅಜ್ಜೀ, ನಿಮ್ಮ ಮೊಮ್ಮಗನ ಕಣ್ಣು ಚುರುಕಾಗಿದೆ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯ ಧರಿಸುತ್ತಿದ್ದದ್ದು ಬಟ್ಟೆಯಲ್ಲಿ ಮಾಡಿದ ಎತ್ತರದ ಟೋಪಿ. ಅದರ ಹೆಸರು ಕುಲ್ಲಾಯಿ. ದೊಡ್ಡ ಉತ್ತರಕ್ಕೆ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಯೋಣ.

ಸಾಕ್ಷಿ ಹೇಳುವವರು ಮೂವರು

ಮೊದಲನೆಯ ಸಾಕ್ಷಿ ಲೋಹದ್ದು. ತಿರುಮಲೆಯ ವೆಂಕಟೇಶ್ವರನ ದೇವಸ್ಥಾನದಲ್ಲಿ ಕೃಷ್ಣದೇವರಾಯ ಮತ್ತು ಅವನ ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರ ವಿಗ್ರಹಗಳು ಕೈಮುಗಿದು ನಿಂತಿವೆ. ದೇವರ ಮುಂದೆ ನಿಂತ ರಾಯನ ಮೈಮೇಲೆ ಅಂಗಿಯಿಲ್ಲ, ಆಭರಣಗಳಿವೆ. ತಲೆಯ ಮೇಲೆ ಮಾತ್ರ ಟೋಪಿ ಇದೆ. ಕೆಳಗೆ ಅಗಲವಾಗಿ, ಮೇಲೆ ಹೋದಂತೆ ಕಿರಿದಾಗಿ, ತುದಿಯಲ್ಲಿ ಮೊಂಡಾಗುವ ಎತ್ತರದ ಟೋಪಿ. ನಾಟಕದ ಕಿರೀಟಕ್ಕಿರುವ ಚೂಪು ಚೂಪಾದ ಮೊನೆಗಳು ಅದಕ್ಕಿಲ್ಲ.

ಎರಡನೆಯ ಸಾಕ್ಷಿ ಬಣ್ಣದ್ದು. ಬೆಂಗಳೂರಿನಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಆಂಧ್ರದ ಹಿಂದೂಪುರದ ಬಳಿ ಲೇಪಾಕ್ಷಿ ಇದೆ. ಕೃಷ್ಣದೇವರಾಯನ ತಮ್ಮ ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಅಲ್ಲಿ ವೀರಭದ್ರನ ದೇವಸ್ಥಾನ ಕಟ್ಟಿಸಿದರು. ಅದರ ಒಳಮಾಳಿಗೆಯ ತುಂಬ ಚಿತ್ರಗಳು. ಕತ್ತೆತ್ತಿ ನೋಡಿದರೆ ಎತ್ತರದ ಟೋಪಿ ಹಾಕಿಕೊಂಡು ಸಾಲಾಗಿ ನಿಂತ ಗಂಡಸರು ಕಾಣುತ್ತಾರೆ. ಲೋಹದ ವಿಗ್ರಹ ಆಕಾರ ಹೇಳುತ್ತದೆ, ಬಣ್ಣ ಹೇಳುವುದಿಲ್ಲ. ಲೇಪಾಕ್ಷಿಯ ಚಿತ್ರಕಾರರು ಬಟ್ಟೆಯ ಮೇಲಿನ ಬಳ್ಳಿ, ಚೌಕಳಿ, ಅಂಚುಗಳನ್ನೂ ಬಿಡದೆ ಬಿಡಿಸಿಟ್ಟಿದ್ದಾರೆ. ಅಲ್ಲಿಗೆ ಹೋಗುವವರು ತಲೆಯಡಿ ಒಂದು ಟವೆಲ್ ಮಡಿಸಿಟ್ಟು ಕೊಂಚ ಹೊತ್ತು ನೆಲದ ಮೇಲೆ ಮಲಗಿ ನೋಡಿ. ನಿಂತು ನೋಡಿದರೆ ಕಾಲು ಗಂಟೆಯಲ್ಲಿ ಕತ್ತು ನೋಯುತ್ತದೆ.

ಮೂರನೆಯ ಸಾಕ್ಷಿ ಅಕ್ಷರದ್ದು. ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ. ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು, ಕಂಡದ್ದನ್ನು ಬರೆದಿಟ್ಟ. ರಾಜ ಬಂಗಾರದ ಗುಲಾಬಿ ಹೂಗಳ ಕಸೂತಿ ಇದ್ದ ಬಿಳಿಯ ಬಟ್ಟೆ ತೊಟ್ಟಿದ್ದ, ಕೊರಳಲ್ಲಿ ವಜ್ರದ ಹಾರವಿತ್ತು, ತಲೆಯ ಮೇಲೆ ಜರತಾರಿಯ ಟೋಪಿ ಇತ್ತು, ಅದರ ಮೇಲೆ ನವಿರಾದ ರೇಷ್ಮೆ ಬಟ್ಟೆಯಿತ್ತು ಎನ್ನುತ್ತಾನೆ. ಟೋಪಿಯ ಆಕಾರ ಅವನಿಗೆ ಸ್ಪೇನ್ ಕಡೆಯ ಗಲೀಸಿಯಾದ ಶಿರಸ್ತ್ರಾಣದಂತೆ ಕಂಡಿತು. ಇಷ್ಟೆಲ್ಲ ತೊಟ್ಟ ರಾಜ ಬರಿಗಾಲಲ್ಲಿದ್ದ ಎಂಬುದನ್ನೂ ಅವನು ಬರೆಯಲು ಮರೆಯಲಿಲ್ಲ.

ಅವನ ನಂತರ, ಸುಮಾರು 1535ರ ಹೊತ್ತಿಗೆ, ಫರ್ನಾವೊ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ವಿಜಯನಗರದ ವೃತ್ತಾಂತ ಬರೆದ. ಅವನು ಕುದುರೆ ವ್ಯಾಪಾರಿ, ಬೆಲೆ ಕಟ್ಟುವುದರಲ್ಲಿ ಗಟ್ಟಿಗ. ಅರಸನ ಒಂದೊಂದು ಟೋಪಿಯ ಬೆಲೆ 20 ಕ್ರುಜಾಡೊ ಎಂದು ಲೆಕ್ಕ ಕೊಟ್ಟಿದ್ದಾನೆ. ಕ್ರುಜಾಡೊ ಎಂದರೆ ಪೋರ್ಚುಗೀಸರ ಬಂಗಾರದ ನಾಣ್ಯ, ಒಂದೊಂದರ ತೂಕ ಸುಮಾರು ಮೂರೂವರೆ ಗ್ರಾಂ. ಅಂದರೆ ಒಂದು ಟೋಪಿಗೆ ಸುಮಾರು 70 ಗ್ರಾಂ ಬಂಗಾರ! ಆ ಟೋಪಿಯನ್ನು ಒಮ್ಮೆ ತಲೆಯಿಂದ ತೆಗೆದರೆ ರಾಜ ಅದನ್ನು ಮತ್ತೆ ಹಾಕುತ್ತಿರಲಿಲ್ಲವಂತೆ. ಎಲ್ಲಕ್ಕಿಂತ ಮುಖ್ಯವಾಗಿ, ನೂನಿಜ್ ಟೋಪಿಯ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡ. ಅವನ ಬರಹದಲ್ಲಿ ಅದು ‘ಕುಲಾಯ್ಸ್’. ನಮ್ಮ ಕುಲ್ಲಾಯಿಯೇ! ಇವರಿಬ್ಬರ ಬರಹಗಳೂ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಸ್ತಪ್ರತಿಯಲ್ಲೇ ಮಲಗಿದ್ದವು. 1900ರಲ್ಲಿ ರಾಬರ್ಟ್ ಸಿವೆಲ್ ಎಂಬ ಇಂಗ್ಲಿಷ್ ಅಧಿಕಾರಿ ಅವನ್ನು ಅನುವಾದಿಸಿ, ವಿಜಯನಗರದ ಬಗ್ಗೆ ತಾನು ಬರೆದ ಪುಸ್ತಕದಲ್ಲಿ ಸೇರಿಸಿದ ಮೇಲೆ ಎಲ್ಲರ ಕೈಗೂ ಬಂದವು.

ಹೆಸರು ಎಲ್ಲಿಂದ ಬಂತು?

ಪರ್ಷಿಯನ್ ಭಾಷೆಯಲ್ಲಿ ‘ಕುಲಾಹ್’ ಎಂದರೆ ಟೋಪಿ. ಅದೇ ನಮ್ಮ ನಾಲಿಗೆಯ ಮೇಲೆ ಕುಲ್ಲಾಯಿ, ಕುಲಾಯಿ, ಕುಲಾವಿ ಎಂದೆಲ್ಲ ಆಯಿತು. ಹೆಸರಿನ ಹಾಗೆಯೇ ಈ ಉಡುಗೆಯೂ ಪರ್ಷಿಯಾ, ಅರಬ್, ತುರ್ಕಿ ನಾಡುಗಳ ದರ್ಬಾರುಗಳ ಕಡೆಯಿಂದ ಬಂದದ್ದು. ಜೊತೆಗೆ ಬಂದದ್ದು ಕಬಾಯಿ ಎಂಬ ಉದ್ದನೆಯ ತೋಳಿನ ನಿಲುವಂಗಿ.

ಇಲ್ಲಿ ಜಾಣ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ. ವಿಜಯನಗರದವರು ಸುಲ್ತಾನರ ಜೊತೆ ಯುದ್ಧ ಮಾಡುತ್ತಿರಲಿಲ್ಲವೇ? ಹಾಗಿದ್ದ ಮೇಲೆ ಅವರ ಕಡೆಯ ಟೋಪಿ ಏಕೆ ಹಾಕಿಕೊಂಡರು? ಯುದ್ಧವೂ ನಡೆಯುತ್ತಿತ್ತು, ವ್ಯಾಪಾರವೂ ನಡೆಯುತ್ತಿತ್ತು. ವಿಜಯನಗರದ ಅರಸರು ಹದಿನಾಲ್ಕನೆಯ ಶತಮಾನದ ಶಾಸನಗಳಿಂದಲೇ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಇಟ್ಟುಕೊಂಡಿದ್ದರು. ಸುರತ್ರಾಣ ಎಂದರೆ ಸುಲ್ತಾನ ಎಂಬ ಮಾತಿಗೆ ತೊಡಿಸಿದ ಸಂಸ್ಕೃತದ ಉಡುಪು. ಹಿಂದೂ ರಾಯರ ನಡುವೆ ನಾನು ಸುಲ್ತಾನ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 1996ರಲ್ಲಿ ಈ ಬಿರುದನ್ನೂ ಈ ಟೋಪಿಯನ್ನೂ ಜೊತೆಗಿಟ್ಟು ಒಂದು ಲೇಖನ ಬರೆದರು. ಸಮುದ್ರದಾಚೆಯ ರಾಯಭಾರಿಗಳು, ವ್ಯಾಪಾರಿಗಳು ಬರುವ ದೊಡ್ಡ ದರ್ಬಾರಿನಲ್ಲಿ, ಆಗಿನ ಲೋಕವೆಲ್ಲ ರಾಜ ಉಡುಗೆ ಎಂದು ಒಪ್ಪಿದ್ದನ್ನು ಇವರೂ ತೊಟ್ಟರು ಎಂಬುದು ಅದರ ಸಾರ. ಹಾಗೆ ತೊಟ್ಟುಕೊಂಡವರು ತಮ್ಮ ದೇವರನ್ನಾಗಲಿ ಭಾಷೆಯನ್ನಾಗಲಿ ಬಿಡಲಿಲ್ಲ. ತಿರುಮಲೆಯಲ್ಲಿ ಕುಲ್ಲಾಯಿ ಹಾಕಿಕೊಂಡೇ ಕೈಮುಗಿದು ನಿಂತಿದ್ದಾರಲ್ಲ!

ಎಲ್ಲರಿಗೂ ಈ ಟೋಪಿ ಹಿಡಿಸಿತ್ತು ಎಂದುಕೊಳ್ಳಬೇಡಿ. ಶ್ರೀನಾಥ ಎಂಬ ಮಹಾಕವಿ ತೆಲುಗು ನಾಡಿನಿಂದ ವಿಜಯನಗರದ ಆಸ್ಥಾನಕ್ಕೆ ಬಂದಿದ್ದ. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ಶ್ರೀನಾಥನದೆಂದು ಹೇಳುವ ಒಂದು ಬಿಡಿ ಪದ್ಯದಲ್ಲಿ ಅವನು ಕನ್ನಡ ರಾಜ್ಯದ ಲಕ್ಷ್ಮಿಗೇ ದೂರು ಕೊಡುತ್ತಾನೆ. ಕುಲ್ಲಾಯಿ ಹಾಕಬೇಕಾಯಿತು, ದೊಡ್ಡ ಅಂಗಿ ತೊಡಬೇಕಾಯಿತು, ಬೆಳ್ಳುಳ್ಳಿ ಎಳ್ಳಿನ ಹಿಂಡಿ ತಿಂದು ಅಂಬಲಿ ಕುಡಿಯಬೇಕಾಯಿತು, ಇನ್ನೂ ನಿನಗೆ ದಯೆ ಬರಲಿಲ್ಲವೇ ಎಂಬ ಅರ್ಥದ ಪದ್ಯ ಅದು. ನಗು ಬರುತ್ತದೆ ಅಲ್ಲವೇ? ನಗುವಿನ ನಡುವೆಯೇ ಒಂದು ಮಾಹಿತಿಯಿದೆ. ರಾಜನ ಮುಂದೆ ಹೋಗಬೇಕಾದರೆ ಕವಿಯಾದರೂ ಕುಲ್ಲಾಯಿ ಹಾಕಲೇಬೇಕಿತ್ತು! ನಿಮ್ಮ ಶಾಲೆಯ ಸಮವಸ್ತ್ರದ ಹಾಗೆ.

ಚಿತ್ರ ಇದೆ, ಬಟ್ಟೆ ಇಲ್ಲ

ಇಷ್ಟೆಲ್ಲ ಸಾಕ್ಷಿ ಸಿಕ್ಕಿತು. ಇನ್ನು ಹೊಲಿಯುವುದೊಂದೇ ಬಾಕಿ ಎಂದು ಸೂಜಿಗೆ ದಾರ ಪೋಣಿಸಿ ಕೂತಾಗಲೇ ನಿಜವಾದ ತೊಡಕು ಎದುರಾಗುವುದು. ಈ ಮೂವರು ಸಾಕ್ಷಿಗಳೂ ಹೊರಗಿನದನ್ನು ಹೇಳುತ್ತಾರೆ. ಟೋಪಿಯ ಒಳಗೆ ಏನಿತ್ತು, ಎಷ್ಟು ತುಂಡು ಬಟ್ಟೆ ಸೇರಿಸಿದ್ದರು, ಹೊಲಿಗೆ ಎಲ್ಲಿ ಬರುತ್ತಿತ್ತು ಎಂಬುದನ್ನು ಒಬ್ಬರೂ ಹೇಳುವುದಿಲ್ಲ. ಬಿಚ್ಚಿ ನೋಡೋಣ ಎಂದರೆ ಕೈಗೆ ಸಿಗಲು ಹಳೆಯ ಕುಲ್ಲಾಯಿ ಇಲ್ಲ. ನಮ್ಮ ಮಣ್ಣಿನಲ್ಲಿ, ನಮ್ಮ ಬಿಸಿಲು ಮಳೆಯಲ್ಲಿ ಬಟ್ಟೆ ಬಾಳುವುದಿಲ್ಲ. ಗೆದ್ದಲು, ಬೂಷ್ಟು, ಜಿರಲೆ ಮೂರೂ ಸೇರಿ ಅದನ್ನು ಮುಗಿಸಿಬಿಡುತ್ತವೆ.

ಇದರ ಬೆಲೆ ತಿಳಿಯಬೇಕಾದರೆ ಭೂಮಿಯ ಇನ್ನೊಂದು ತುದಿಯನ್ನು ನೋಡಬೇಕು. ಉತ್ತರದ ಹಿಮದ ನಾಡಾದ ಗ್ರೀನ್‌ಲ್ಯಾಂಡಿನ ದಕ್ಷಿಣದ ಕರಾವಳಿಯಲ್ಲಿ ಹೆರ್ಯೋಲ್ಫ್ಸ್‌ನೆಸ್ ಎಂಬ ಜಾಗವಿದೆ. ಯುರೋಪಿನಿಂದ ಹೋಗಿ ನೆಲೆಸಿದ್ದ ರೈತರ ಊರು ಅದು. 1921ರಲ್ಲಿ ಪೌಲ್ ನೋರ್ಲುಂಡ್ ಎಂಬ ಡೆನ್ಮಾರ್ಕಿನ ಸಂಶೋಧಕರು ಅಲ್ಲಿಯ ಹಳೆಯ ಚರ್ಚಿನ ಅಂಗಳವನ್ನು ಅಗೆಸಿದರು. ಹೆಪ್ಪುಗಟ್ಟಿದ ಮಣ್ಣಿನೊಳಗೆ ಐನೂರು ವರ್ಷಕ್ಕೂ ಹಿಂದಿನ ಉಣ್ಣೆಯ ಅಂಗಿಗಳು, ಟೋಪಿಗಳು, ಕುಂಚಿಗೆಗಳು ಸಿಕ್ಕವು. ಹೌದು, ನಮ್ಮ ಕೂಸುಗಳಿಗೆ ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ ಕುಂಚಿಗೆಯ ಹಾಗೆಯೇ ತಲೆಯನ್ನೂ ಹೆಗಲನ್ನೂ ಮುಚ್ಚುವ ಉಡುಗೆ. ದೊಡ್ಡವರೇ ಹಾಕಿಕೊಳ್ಳುತ್ತಿದ್ದದ್ದು. ಕೆಲವಕ್ಕೆ ಹಿಂದೆ ಉದ್ದನೆಯ ಬಾಲವೂ ಇತ್ತು. ಈಗ ಅವು ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಯಾವ ತುಂಡು ಎಲ್ಲಿ ಸೇರುತ್ತದೆ, ಅಂಚನ್ನು ಹೇಗೆ ಮಡಿಸಿ ಹೊಲಿದಿದ್ದಾರೆ ಎಂಬುದನ್ನು ಎಳೆ ಎಳೆಯಾಗಿ ನೋಡಿ, ಅಳತೆಯ ನಕ್ಷೆ ಬರೆದು ಪುಸ್ತಕ ಮಾಡಿದ್ದಾರೆ. ಅದನ್ನು ನೋಡಿಕೊಂಡು ಇವತ್ತಿಗೂ ಜನ ಹಾಗೆಯೇ ಹೊಲಿದು ಹಾಕಿಕೊಳ್ಳುತ್ತಾರೆ.

ಆ ರೈತರು ರಾಜರಲ್ಲ. ಅವರಲ್ಲಿ ಒಬ್ಬರ ಹೆಸರೂ ನಮಗೆ ಮುಖ್ಯವಲ್ಲ. ಆದರೂ ಅವರ ಹೊಲಿಗೆ ಉಳಿಯಿತು. ಬಂಗಾರದ ಬೆಲೆಯ ನಮ್ಮ ರಾಯರ ಟೋಪಿಯಲ್ಲಿ ಒಂದು ಎಳೆಯೂ ನನ್ನ ಕೈಗೆ ಸಿಗಲಿಲ್ಲ. ಹಾಗಾದರೆ ಒಳಗಿನ ಗುಟ್ಟನ್ನು ಯಾರನ್ನು ಕೇಳುವುದು?

ಕೊನೆಮನೆಯ ಅವ್ವ

ನಮ್ಮ ಬೀದಿಯ ಕೊನೆಮನೆಯಲ್ಲಿ ಧಾರವಾಡದ ಕಡೆಯ ಒಬ್ಬರು ಹಿರಿಯರಿದ್ದಾರೆ. ವಯಸ್ಸು ಎಂಬತ್ತರ ಮೇಲೆ. ನಾವೆಲ್ಲ ಅವ್ವ ಎಂದೇ ಕರೆಯುವುದು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲರಿಗೂ ಕುಲಾವಿ ಹೊಲಿದ ಕೈ ಅವರದು. ನಾನು ಜರಿಯ ಬಟ್ಟೆ ಸುತ್ತಿಕೊಂಡು ಹೋಗಿ, ‘ಅವ್ವಾ, ಇದು ಎತ್ತರಕ್ಕೆ ನಿಲ್ಲಬೇಕು, ಒಳಗೆ ಏನು ಕೊಡಲಿ?’ ಎಂದು ಕೇಳಿದೆ.

‘ಏನ್ರೀ ಮಾಸ್ತರ, ಈ ವಯಸ್ಸಿನ್ಯಾಗ ಟೊಪಗಿ ಹೊಲ್ಯಾಕ ಕುಂತೀರಿ?’ ಎಂದು ನಕ್ಕರು. ಆಮೇಲೆ ಬಟ್ಟೆಯನ್ನು ಬೆರಳಿನ ನಡುವೆ ಉಜ್ಜಿ ನೋಡಿ, ‘ಒಂದ ಪದರ ಅರಿವಿ ಬಾಗತೈತ್ರಿ. ಹಳೇ ಧೋತರದ ನಾಕ ಪದರ ಕೂಡಿಸಿ ಕೌದಿಗತೆ ಹೊಲೀರಿ. ತಾನ ನಿಂದರತೈತಿ’ ಎಂದರು.

ಕೌದಿ ಗೊತ್ತಲ್ಲ ಮಕ್ಕಳೇ? ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸಾಲು ಸಾಲಾಗಿ ಒತ್ತೊತ್ತಾಗಿ ಹೊಲಿದು ಮಾಡುವ ಹೊದಿಕೆ. ಒಂದೊಂದು ಪದರವೂ ಮೆತ್ತಗೆ. ಹೊಲಿಗೆಯ ಸಾಲು ಬಿದ್ದಂತೆಲ್ಲ ಪದರಗಳು ಒಂದನ್ನೊಂದು ಹಿಡಿದುಕೊಂಡು ಗಟ್ಟಿಯಾಗುತ್ತವೆ. ನಾಲ್ಕು ಪದರಕ್ಕೆ ಅಕ್ಕಿಯ ಗಂಜಿ ಹಾಕಿ ಒಣಗಿಸಿ, ಅರ್ಧ ಬೆರಳಿಗೊಂದು ಸಾಲು ಹೊಲಿದೆ. ಒಂಬತ್ತು ಸಂಜೆ ಹಿಡಿಯಿತು. ಹತ್ತನೆಯ ಸಂಜೆ ಮೇಜಿನ ಮೇಲಿಟ್ಟರೆ, ಅವ್ವ ಹೇಳಿದ ಹಾಗೆ, ತಾನೇ ನಿಂತಿತು!

ಅದನ್ನು ಹಿಡಿದು ಮತ್ತೆ ಅವ್ವನ ಮನೆಗೆ ಹೋದೆ. ಅವರು ನೋಡಿದ್ದು ಹೊರಗಿನ ಜರಿಯನ್ನಲ್ಲ. ಒಳಗೆ ಕೈ ಹಾಕಿ ಸುತ್ತಲೂ ಬೆರಳಾಡಿಸಿದರು. ‘ಕೂಸಿನ ನೆತ್ತಿಗೆ ಹೊಲಿಗಿ ಒತ್ತಬಾರದ್ರಿ. ಒಳಗ ಮೆತ್ತಗಿನ ಅರಿವಿ ಪಟ್ಟಿ ಮುಚ್ಚಬೇಕು’ ಎಂದರು. ‘ಅವ್ವಾ, ಇದು ಕೂಸಿನದಲ್ಲ, ಅರಸನದು’ ಎಂದೆ. ‘ಅರಸನ ನೆತ್ತಿನೂ ನೆತ್ತಿನ ಹೌದಿಲ್ಲೊ?’ ಎಂದರು. ಮಾತಾಡದೆ ಮನೆಗೆ ಬಂದು ಒಳಪಟ್ಟಿ ಹೊಲಿದೆ.

ಇಲ್ಲಿ ನನ್ನದೊಂದು ನಿಯಮ ಹೇಳಬೇಕು. ವಿಗ್ರಹ, ಚಿತ್ರ, ಬರಹಗಳಲ್ಲಿ ಸಾಕ್ಷಿ ಸಿಕ್ಕ ಭಾಗವನ್ನು ನಾನು ಬಟ್ಟೆಯ ಬಣ್ಣದ ದಾರದಲ್ಲೇ ಹೊಲಿಯುತ್ತೇನೆ. ಸಾಕ್ಷಿಯಿಲ್ಲದೆ ನಾವೇ ಯೋಚಿಸಿ ಮಾಡಿದ ಭಾಗವನ್ನು ಕೆಂಪು ದಾರದಲ್ಲಿ ಹೊಲಿಯುತ್ತೇನೆ. ಈ ಕುಲ್ಲಾಯಿಯ ಒಳಗನ್ನು ತಿರುವಿ ನೋಡಿದರೆ ಎಲ್ಲವೂ ಕೆಂಪು. ಹೊರಗಿನ ಆಕಾರ ರಾಯರ ಕಾಲದ್ದು, ಒಳಗಿನ ಕೌದಿ ಅವ್ವನದು. ನಾಳೆ ಯಾರಾದರೂ ಇದನ್ನು ನೋಡಿ ‘ವಿಜಯನಗರದಲ್ಲಿ ಹೀಗೆಯೇ ಹೊಲಿಯುತ್ತಿದ್ದರು’ ಎಂದು ಬರೆದುಬಿಡಬಾರದು ನೋಡಿ. ಇತಿಹಾಸದಲ್ಲಿ ಜಾಣ ಊಹೆಗೆ ಜಾಗವಿದೆ, ಆದರೆ ಅದು ಊಹೆ ಎಂದು ಕಾಣುವಂತಿರಬೇಕು.

ಹಾಕಿಕೊಂಡು ನೋಡಿದಾಗ ಇನ್ನೆರಡು ವಿಷಯ ಗೊತ್ತಾದವು. ಈ ಟೋಪಿ ಹಾಕಿದವರು ತಟ್ಟನೆ ತಲೆ ಬಗ್ಗಿಸುವಂತಿಲ್ಲ, ಓಡುವಂತಿಲ್ಲ. ಬೆನ್ನು ನೆಟ್ಟಗಾಗುತ್ತದೆ, ನಡಿಗೆ ನಿಧಾನವಾಗುತ್ತದೆ. ನೋಡುವವರಿಗೆ ಅದು ಗಾಂಭೀರ್ಯವಾಗಿ ಕಾಣುತ್ತದೆ! ಇನ್ನೊಂದು, ಪಾಯಸ್ ಬರೆದ ಆ ರೇಷ್ಮೆ ಬಟ್ಟೆಯದು. ಅಲಂಕಾರಕ್ಕೆ ಇರಬೇಕು ಎಂದುಕೊಂಡೇ ಒಂದು ತೆಳುವಾದ ರೇಷ್ಮೆ ವಸ್ತ್ರವನ್ನು ಟೋಪಿಯ ಮೇಲೆ ಹಾಯಿಸಿ ಬುಡಕ್ಕೆ ಸುತ್ತಿದೆ. ಅಲ್ಲಿಯವರೆಗೆ ಹಿಂದಕ್ಕೆ ಜಾರುತ್ತಿದ್ದ ಟೋಪಿ ಹಿಡಿದಿಟ್ಟ ಹಾಗೆ ಕೂತಿತು. ಪುಸ್ತಕದಲ್ಲಿ ನೂರು ಸಲ ಓದಿದರೂ ಇದು ಹೊಳೆಯುವುದಿಲ್ಲ, ತಲೆಯ ಮೇಲೆ ಇಟ್ಟುಕೊಂಡಾಗಲೇ ಹೊಳೆಯುವುದು.

ನೀವೂ ಮಾಡಿ ನೋಡಿ

ಅಳತೆಗೆ ನಮ್ಮ ಶಿಲ್ಪಿಗಳ ‘ತಾಳ’ ಬಳಸಿ. ತಾಳ ಎಂದರೆ ಹಣೆಯ ಕೂದಲಿನ ಗೆರೆಯಿಂದ ಗಲ್ಲದವರೆಗಿನ ಮುಖದ ಉದ್ದ. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಮುಖದ ಮೇಲೆ ಕೈಯಿಟ್ಟ ನೋಡಿ, ಗೊತ್ತಾಗುತ್ತದೆ. ದೊಡ್ಡವರಲ್ಲಿ ಅದು ಸುಮಾರು 18 ಸೆಂಟಿಮೀಟರ್. ನನ್ನ ಕುಲ್ಲಾಯಿಗೆ ಒಂದೂವರೆ ತಾಳ, ಅಂದರೆ 27 ಸೆಂಟಿಮೀಟರ್ ಎತ್ತರ ಇಟ್ಟುಕೊಂಡೆ.

ನೀವು ಮೊದಲು ಹಳೆಯ ದಿನಪತ್ರಿಕೆಯಲ್ಲಿ ಮಾಡಿ. ಹಾಳೆಯ ಒಂದು ಮೂಲೆಯ ಬಳಿ ಚುಕ್ಕೆಯಿಟ್ಟು, 31 ಸೆಂಟಿಮೀಟರ್ ದಾರಕ್ಕೆ ಪೆನ್ಸಿಲ್ ಕಟ್ಟಿ ಕಮಾನು ಎಳೆಯಿರಿ. ತಲೆಯ ಸುತ್ತಳತೆಯನ್ನು ಟೇಪಿನಲ್ಲಿ ತೆಗೆದು 1.85ರಿಂದ ಗುಣಿಸಿ. ಬಂದ ಸಂಖ್ಯೆಯೇ ಕೋನದ ಅಳತೆ. ಸುತ್ತಳತೆ 54 ಸೆಂಟಿಮೀಟರ್ ಇದ್ದರೆ ಕೋನ ಸುಮಾರು 100 ಡಿಗ್ರಿ. ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಅಷ್ಟು ಗುರುತಿಸಿ, ಅಂಟಿಸಲು ಎರಡು ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು ಕತ್ತರಿಸಿ, ಸುರುಳಿ ಮಾಡಿ ಅಂಟಿಸಿ. ಚೂಪು ತುದಿಯನ್ನು ಮೂರು ಸೆಂಟಿಮೀಟರಿನಷ್ಟು ಒಳಕ್ಕೆ ಮಡಿಸಿದರೆ ಮೊಂಡಾಗಿ ಕುಲ್ಲಾಯಿಯ ಆಕಾರ ಬರುತ್ತದೆ. 1.85 ಎಲ್ಲಿಂದ ಬಂತು ಎಂದು ಪ್ರೌಢಶಾಲೆಯವರು ಲೆಕ್ಕ ಮಾಡಿ ತೋರಿಸಲಿ. 31 ಸೆಂಟಿಮೀಟರ್ ತ್ರಿಜ್ಯದ ಪೂರ್ಣ ವೃತ್ತದ ಸುತ್ತಳತೆ ಕಂಡುಹಿಡಿದರೆ ಉತ್ತರ ಅಲ್ಲೇ ಇದೆ.

ಶಿವಮೊಗ್ಗದ ಅಜ್ಜೀ, ಕಾಗದದ ಅಚ್ಚು ಸರಿಯಾದ ಮೇಲೆ ಅದರ ಮೇಲೆ ನಿಮ್ಮದೊಂದು ಹಳೆಯ ಸೀರೆಯ ಜರಿ ಸೆರಗನ್ನು ಕೂರಿಸಿ ಹೊಲಿದುಕೊಡಿ. ಮೊಮ್ಮಗನಿಗೆ ಬಿಳಿಯ ಜುಬ್ಬಾ ಸಾಕು, ಅದಕ್ಕೆ ಬಂಗಾರದ ಬಣ್ಣದ ದಾರದಲ್ಲಿ ನಾಲ್ಕಾರು ಗುಲಾಬಿ ಹೂ ಕಸೂತಿ ಹಾಕಿ. ಕಾಲಿಗೆ ಚಪ್ಪಲಿ ಬೇಡ. ಯಾರಾದರೂ ‘ರಾಜನಿಗೆ ಕಿರೀಟ ಎಲ್ಲಿ?’ ಎಂದು ಕೇಳಿದರೆ ಪಾಯಸನ ಹೆಸರು ಹೇಳಲಿ, ನೂನಿಜನ ಲೆಕ್ಕವನ್ನೂ ಹೇಳಲಿ.

ಉಳಿದದ್ದು ಯಾವುದು?

ಹೊಲಿಗೆ ಮುಗಿದ ಮೇಲೆ ಒಂದು ವಿಷಯ ನನ್ನನ್ನು ಬಿಡದೆ ಕಾಡಿತು. ರಾಜನ ಕುಲ್ಲಾಯಿಯನ್ನು ಒಮ್ಮೆ ತೆಗೆದರೆ ಮತ್ತೆ ಹಾಕುತ್ತಿರಲಿಲ್ಲ. ಕೂಸಿನ ಕುಲಾವಿ ಹಾಗಲ್ಲ. ಅದು ಹುಟ್ಟುವುದೇ ಹಳೆಯ ಬಟ್ಟೆಯಿಂದ. ಹಸುಗೂಸಿಗೆ ಹೊಸ ಬಟ್ಟೆ ಒರಟು ಎಂದು ಅಜ್ಜಿಯ ಸೀರೆ, ಅಜ್ಜನ ಪಂಚೆ ಹರಿದು ಹೊಲಿಯುತ್ತಾರೆ. ಅಣ್ಣನಿಗೆ ಚಿಕ್ಕದಾದರೆ ತಂಗಿಗೆ, ತಂಗಿಗೆ ಚಿಕ್ಕದಾದರೆ ಚಿಕ್ಕಮ್ಮನ ಮಗುವಿಗೆ ಹೋಗುತ್ತದೆ. 1565ರ ಯುದ್ಧದ ನಂತರ ವಿಜಯನಗರ ಹಾಳಾಯಿತು, ದರ್ಬಾರು ಹೋಯಿತು, ಜರತಾರಿಯ ಟೋಪಿಗಳೂ ಹೋದವು. ಹೆಸರೊಂದು ಮಾತ್ರ ತೊಟ್ಟಿಲಿನಲ್ಲಿ ಮಲಗಿಕೊಂಡು ಇಲ್ಲಿಯವರೆಗೆ ಬಂದಿದೆ.

ಈಗ ಅದಕ್ಕೂ ಕಷ್ಟ ಬಂದಿದೆ. ಅಂಗಡಿಯಲ್ಲಿ ಮೆತ್ತನೆಯ ಟೋಪಿಗಳು ಕಡಿಮೆ ಬೆಲೆಗೆ ಸಿಗುತ್ತವೆ, ಕೊಳ್ಳುವುದು ತಪ್ಪೇನೂ ಅಲ್ಲ. ಆದರೆ ಅವ್ವನ ಕಣ್ಣು ಮಂಜಾಗಿದೆ. ಸೂಜಿಗೆ ದಾರ ಪೋಣಿಸಲು ಮರಿಮಗಳು ಬೇಕು. ಅವರು ಹೊಲಿದ ಕುಲಾವಿಗಳಲ್ಲಿ ಮನೆಯಲ್ಲಿ ಉಳಿದಿರುವುದು ಒಂದೇ ಒಂದು. ಉಳಿದವೆಲ್ಲ ಒರೆಸುವ ಬಟ್ಟೆಯಾಗಿ ಮುಗಿದವು. ‘ಅವ್ವಾ, ಹೊಲಿಯುವ ಬಗೆಯನ್ನು ಹೇಳಿ, ಬರೆದುಕೊಳ್ಳುತ್ತೇನೆ’ ಎಂದರೆ, ‘ಇದ್ರಾಗ ಹೇಳೂದೇನ ಐತ್ರಿ ಮಾಸ್ತರ?’ ಎಂದುಬಿಟ್ಟರು. ವಿಜಯನಗರದ ದರ್ಜಿಯನ್ನು ಕೇಳಿದ್ದರೂ ಹೀಗೆಯೇ ಹೇಳುತ್ತಿದ್ದನೋ ಏನೋ. ದಿನವೂ ಮಾಡುವ ಕೆಲಸದಲ್ಲಿ ಬರೆದಿಡುವುದೇನಿದೆ ಎಂದು ಅವನಿಗೂ ಅನ್ನಿಸಿರಬೇಕು. ಕೇಳಿ ಬರೆದುಕೊಳ್ಳುವವರೂ ಇರಲಿಲ್ಲ. ಪಾಯಸ್ ರಾಜನನ್ನು ನೋಡಿದ, ನೂನಿಜ್ ಬೆಲೆ ಕೇಳಿದ. ಹೊಲಿದವನನ್ನು ಇಬ್ಬರೂ ಮಾತಾಡಿಸಲಿಲ್ಲ. ಅದಕ್ಕೇ ಇವತ್ತು ನನ್ನ ಕುಲ್ಲಾಯಿಯ ಒಳಗೆಲ್ಲ ಕೆಂಪು ದಾರ.

ನಾನು ಬಿಡದೆ ಅವ್ವನ ಪಕ್ಕದಲ್ಲಿ ಕೂತೆ. ಅವರು ಬೆರಳಲ್ಲಿ ತೋರಿಸಿದರು, ಮರಿಮಗಳು ಹೊಲಿದಳು, ನಾನು ಬರೆದೆ. ಒಂದು ಕುಲಾವಿಗೆ ಮೂರು ತುಂಡು ಬಟ್ಟೆ, ಎರಡು ಲಾಡಿ, ಕುತ್ತಿಗೆಯ ಹಿಂದೆ ಏಳು ನೆರಿಗೆ. ನೋಟ್‌ಬುಕ್ಕಿನ ಎರಡು ಪುಟ ತುಂಬಿತು.

ಮಕ್ಕಳೇ, ಈ ವಾರ ನಿಮಗೆ ಒಂದೇ ಮನೆಗೆಲಸ. ಮನೆಯ ಟ್ರಂಕಿನಲ್ಲೋ ಬೀರುವಿನಲ್ಲೋ ನಿಮ್ಮ ಕುಲಾವಿ, ನಿಮ್ಮ ಅಪ್ಪ ಅಮ್ಮಂದಿರ ಕುಲಾವಿ ಇದೆಯೇ ಎಂದು ಕೇಳಿ. ಸಿಕ್ಕರೆ ಒಂದು ಚೀಟಿಯಲ್ಲಿ ಮೂರು ವಿಷಯ ಬರೆಯಿರಿ. ಹೊಲಿದವರು ಯಾರು? ಯಾವ ವರ್ಷ? ಯಾರ ಸೀರೆ ಅಥವಾ ಪಂಚೆಯ ಬಟ್ಟೆ ಅದು? ಚೀಟಿಯನ್ನು ಕುಲಾವಿಗೆ ಪಿನ್ ಚುಚ್ಚಿ ಸಿಕ್ಕಿಸಬೇಡಿ, ಪಿನ್ನು ತುಕ್ಕು ಹಿಡಿದು ಬಟ್ಟೆ ತಿನ್ನುತ್ತದೆ. ದಾರದಲ್ಲಿ ಸಡಿಲವಾಗಿ ಕಟ್ಟಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ನಾಲ್ಕು ಬೇವಿನ ಎಲೆ ಒಣಗಿಸಿ ಜೊತೆಗಿಡಿ. ಕುಲಾವಿ ಸಿಗದಿದ್ದರೆ ಅಜ್ಜಿಯ ಪಕ್ಕದಲ್ಲಿ ಕೂತು ಒಂದು ಹೊಲಿಸಿಕೊಳ್ಳಿ. ಗೊಂಬೆಗಾದರೂ ಆಗಲಿ.

ಅಜ್ಜಿ ತಾತಂದಿರೇ, ಇದರಲ್ಲಿ ಹೇಳುವುದೇನಿದೆ ಎಂದು ನೀವೂ ಅನ್ನಬೇಡಿ. ಮೊಮ್ಮಕ್ಕಳು ಪೆನ್ಸಿಲ್ ಹಿಡಿದು ಬಂದರೆ ಹೇಳಿಬಿಡಿ. ನೆರಿಗೆ ಎಷ್ಟು ಹಾಕುತ್ತಿದ್ದಿರಿ ಎಂಬುದರಿಂದಲೇ ಶುರು ಮಾಡಿ. ಮುಂದಿನ ವಾರ ಕುಂಚಿಗೆಯ ವಿಷಯ ಬರೆಯುತ್ತೇನೆ. ನಿಮ್ಮ ಊರಿನ ಕಡೆ ಅದನ್ನು ಹೇಗೆ ಹೊಲಿಯುತ್ತಿದ್ದರು ಎಂದು ಎರಡು ಸಾಲು ಬರೆದು ಕಳಿಸಿ. ನನ್ನ ಕೆಂಪು ದಾರದ ಖರ್ಚು ಅಷ್ಟಾದರೂ ಕಡಿಮೆಯಾಗಲಿ.